ಮೂರು ಗುಂಡಿನ ಲೆಕ್ಕ

ನಮ್ಮ ಮನೆ ಮಾಲೀಕರ ಗ್ಯಾರೇಜಿನಲ್ಲಿ ಕಾರು ನಿಲ್ಲುವುದಿಲ್ಲ. ಅಲ್ಲಿ ಅವರು ರೈಫಲ್ಲಿಗೆ ತೋಟಾ ತುಂಬುತ್ತಾರೆ. ಪಿಎಚ್‌ಡಿಗೆಂದು ಪೆನ್ಸಿಲ್ವೇನಿಯಾಕ್ಕೆ ಬಂದು ಅವರ ಮಹಡಿಯ ಕೋಣೆ ಹಿಡಿದಾಗ ಇದು ತಿಳಿದು ನನಗೆ ಅಳುಕಾಗಿತ್ತು. ಊರಿನಲ್ಲಿರುವ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ಅಮೆರಿಕ, ಬಂದೂಕು ಎಂದರೆ ಅವಳಿಗೆ ನೆನಪಾಗುವುದು ಟೀವಿ ಸುದ್ದಿ.

ಹಾಗೆಂದು ಕೋವಿ ನನಗೆ ಹೊಸದಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ ಇತ್ತು. ಗದ್ದೆಗೆ ಹಂದಿ ನುಗ್ಗುವ ಕಾಲದಲ್ಲಿ ಅಜ್ಜ ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ಹಾಕುತ್ತಿದ್ದರು. ಮದ್ದಿನ ಅಳತೆ ಅವರ ಅಂಗೈ ಗುಳಿ. ಗುರಿ ತಪ್ಪಿದರೂ ಸದ್ದಿಗೆ ಹಂದಿ ಓಡಿದರೆ ಸಾಕಿತ್ತು. (ಕಾಯಿಲೆಗೂ ಕೋವಿಗೂ ನಮ್ಮಲ್ಲಿ ಒಂದೇ ‘ಮದ್ದು’.)

ಇಲ್ಲಿನ ಅಜ್ಜನಿಗೆ ಸದ್ದು ಬೇಡ, ಗುರಿ ಬೇಕು. ಕಾರ್ಖಾನೆಯೊಂದರಲ್ಲಿ ಅಚ್ಚು ಮಾಡುತ್ತಿದ್ದು ನಿವೃತ್ತರಾದವರು. ಹಾರಿಸಿ ಉಳಿದ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ಜೋಳದ ದಿಂಡಿನ ತರಿಯೊಳಗೆ ಅಲುಗಾಡಿಸಿ ಹೊಳಪು ಬರಿಸುತ್ತಾರೆ. ಕೈಪ್ರೆಸ್ಸಿನ ಅಚ್ಚಿಗೆ ಒತ್ತಿ ಹಿಗ್ಗಿದ ಕೊಳವೆಯನ್ನು ಅಳತೆಗೆ ತರುತ್ತಾರೆ. ಸುಟ್ಟ ಕೇಪು ತೆಗೆದು ಹೊಸದು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತುತ್ತಾರೆ. ಸುರಿಯುವಾಗ ಮಾತಿಲ್ಲ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ. ಒಂದೇ ಕೊಳವೆಗೆ ಎರಡು ಸಲ ಮದ್ದು ಬಿದ್ದರೆ ಬಂದೂಕೇ ಸಿಡಿಯಬಹುದು. ಅದಕ್ಕೇ ಪ್ರತಿಯೊಂದರೊಳಗೂ ಟಾರ್ಚು ಬಿಟ್ಟು ನೋಡುತ್ತಾರೆ.

ಅಂಗಡಿಯಲ್ಲಿ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಿದ್ದೆ. ಕಾರ್ಖಾನೆಯ ತೋಟಾ ರೆಡಿಮೇಡ್ ಅಂಗಿಯಂತೆ, ಆ ಅಳತೆಯ ಎಲ್ಲ ರೈಫಲ್ಲಿಗೂ ಹೊಂದಬೇಕು. ಒಮ್ಮೆ ಹಾರಿಸಿದ ಕೊಳವೆಯಾದರೋ ಆ ಒಂದು ರೈಫಲ್ಲಿನ ಒಳಮೈಗೆ ತಕ್ಕಂತೆ ಹಿಗ್ಗಿರುತ್ತದೆ. ಅದನ್ನು ಬೇಕಾದಷ್ಟೇ ಕುಗ್ಗಿಸಿದರೆ ದರ್ಜಿ ಹೊಲಿದ ಅಂಗಿಯಾಗುತ್ತದೆ. ಮದ್ದು ಪ್ರತಿಸಲ ಅಷ್ಟೇ ಇದ್ದರೆ ವೇಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ದೂರದ ಗುರಿಯಲ್ಲಿ ಗುಂಡುಗಳು ಮೇಲೆ ಕೆಳಗೆ ಚದುರುವುದು ತಗ್ಗುತ್ತದೆ. ಅವರು ತೂಗುವುದು ಗ್ರೇನ್ ಲೆಕ್ಕದಲ್ಲಿ. ಹೆಸರು ಬಂದದ್ದು ಧಾನ್ಯದ ಕಾಳಿನಿಂದ. ಒಂದು ಪೌಂಡಿಗೆ 7000. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ ತೂಕ. ಅದರಲ್ಲೂ ಹತ್ತನೇ ಒಂದು ಭಾಗಕ್ಕೆ ಇವರು ತಲೆ ಕೆಡಿಸಿಕೊಳ್ಳುತ್ತಾರೆ.

ಹುಚ್ಚು ಹಳೆಯದೇ. ಮ್ಯಾಸಚೂಸೆಟ್ಸಿನ ಫ್ರಾಂಕ್ಲಿನ್ ಮನ್ ಎಂಬವರು ವೈದ್ಯಕೀಯ ಓದಿದವರು, ವರ್ಷಗಟ್ಟಲೆ ಗುಂಡಿನ ಹಿಂದೆ ಬಿದ್ದರು. ದಾರಿಯುದ್ದಕ್ಕೂ ಕಾಗದದ ಪರದೆ ನಿಲ್ಲಿಸಿ ಗುಂಡು ಎಲ್ಲೆಲ್ಲಿ ತೂತು ಮಾಡಿತೆಂದು ನೋಡಿದರು, ಬೇಕೆಂದೇ ಗುಂಡುಗಳನ್ನು ವಿಕಾರ ಮಾಡಿ ಹಾರಿಸಿದರು. 1909ರಲ್ಲಿ ಬಂದ ಅವರ ಪುಸ್ತಕ ಗ್ಯಾರೇಜಿನ ಕಪಾಟಿನಲ್ಲಿದೆ. ಅದರ ಪಕ್ಕದಲ್ಲಿ ಮಾಲೀಕರ ನಲವತ್ತು ವರ್ಷದ ನೋಟ್‌ಬುಕ್ಕುಗಳು.

ಒಂದು ಭಾನುವಾರ ಅವರು ಹನ್ನೊಂದು ಗುರಿಹಾಳೆ ಹರಡಿದರು. ಒಂದೊಂದಕ್ಕೂ ಮದ್ದಿನ ತೂಕ ಚೂರು ಚೂರು ಹೆಚ್ಚು. ಒಂದೊಂದರಲ್ಲೂ ಮೂರು ತೂತು. ಅತಿ ದೂರದ ಎರಡು ತೂತುಗಳ ನಡುವಿನ ಅಂತರವೇ ಅಂಕ. ನೂರು ಗಜದಲ್ಲಿ ಒಂದು ಹಾಳೆಯದು ಅರ್ಧ ಇಂಚಿಗೂ ಕಡಿಮೆ, ಇನ್ನೊಂದರದು ಒಂದೂಕಾಲು. ಯಾವ ತೂಕ ಒಳ್ಳೆಯದೆಂದು ಅವರಿಗೆ ಅನುಮಾನವೇ ಇರಲಿಲ್ಲ. ನನಗಿತ್ತು. ಕೋಣೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ಒಂದೇ ರೈಫಲ್, ಒಂದೇ ಮದ್ದು, ಏನೂ ವ್ಯತ್ಯಾಸವಿಲ್ಲ ಎಂದಿಟ್ಟುಕೊಂಡು ಹನ್ನೊಂದು ಸಲ ಮೂರು ಮೂರು ಗುಂಡು ‘ಹಾರಿಸಿದೆ’. ಹಾಗೆ ಸಾವಿರ ಸಲ. ದೊಡ್ಡ ಅಂತರ ಚಿಕ್ಕದರ ಸುಮಾರು ಮೂರು ಪಟ್ಟಿರುವುದು ಮಾಮೂಲಾಗಿತ್ತು. ಅಂದರೆ ಅವರ ಹಾಳೆಗಳು ಹೇಳುತ್ತಿದ್ದದ್ದನ್ನು ಬರೀ ಆಕಸ್ಮಿಕವೂ ಹೇಳಬಲ್ಲದು.

ಹೇಳಲು ಎರಡು ದಿನ ಬೇಕಾಯಿತು. ನಲವತ್ತು ವರ್ಷದ ನೋಟ್‌ಬುಕ್ಕುಗಳ ಎದುರು ಕೂತು ಹೇಳುವ ಮಾತಲ್ಲ ಅದು. ಅವರು ಕೇಳಿಸಿಕೊಂಡರು, ಏನೂ ಅನ್ನಲಿಲ್ಲ. ಮುಂದಿನ ಶನಿವಾರ ‘ಒಳ್ಳೆಯ’ ತೂಕದ ಇಪ್ಪತ್ತು, ‘ಕೆಟ್ಟ’ ತೂಕದ ಇಪ್ಪತ್ತು ಹೊಡೆದು ತಂದು, ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಹಿಡಿದರು. ಯಾವುದು ಯಾವುದೆಂದು ಗುರುತಿಸಲು ಇಬ್ಬರಿಗೂ ಆಗಲಿಲ್ಲ.

“ನಿನ್ನ ಕುಂಡಗಳು ಎಷ್ಟು?” ಎಂದರು ಆಗ.

ನನ್ನ ಸಂಶೋಧನೆ ಮಣ್ಣಿನ ಸೂಕ್ಷ್ಮಜೀವಿಗಳದ್ದು. ಪ್ರತಿ ಉಪಚಾರಕ್ಕೆ ಮೂರು ಕುಂಡ. ನಮ್ಮಲ್ಲಿ ಅದೇ ರೂಢಿ, ಸಮಿತಿಯಲ್ಲಿ ಯಾರೂ ಪ್ರಶ್ನಿಸಿಲ್ಲ. ಎರಡನೇ ಅಧ್ಯಾಯ ಪೂರ್ತಿ ನಿಂತಿರುವುದು ಅವುಗಳ ಮೇಲೆ. ಮೂರು ಎಂದೆ. ಅವರು ನಗಲಿಲ್ಲ. ತಕ್ಕಡಿಯ ದೂಳು ಒರೆಸಿ, ಮತ್ತೆ ಕೊಳವೆಗಳನ್ನು ಜೋಡಿಸತೊಡಗಿದರು.

ಇನ್ನೂ ಒಂಬತ್ತೊಂಬತ್ತು ಕುಂಡ ಬೆಳೆಸಲು ಒಂದು ಇಡೀ ಹಂಗಾಮು ಬೇಕು. ಸ್ಟೈಪೆಂಡು ಆಗಸ್ಟಿಗೆ ಮುಗಿಯುತ್ತದೆ. ಕಳೆದ ವಾರ ಗೈಡಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಹಸಿರುಮನೆಯಲ್ಲಿ ಜಾಗ ಬೇಕಿದ್ದರೆ ಶುಕ್ರವಾರದೊಳಗೆ ಹೆಸರು ಬರೆಸಬೇಕು.