ಘಟ್ಟ ಇಳಿಸಿದ ಎಂಜಿನ್

ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್ನಿನ ಮಾತು ಬಂದಾಗ ಎಲ್ಲರೂ ಮೊದಲು ಹೇಳುವುದು ಅದರ 4000 ಅಶ್ವಶಕ್ತಿಯ ಸಂಗತಿ. ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿ ಓಡಿಸಿ ನಿವೃತ್ತರಾದ ನಾವು ಕೆಲವರು ಕಲೆತರೆ ಮಾತು ಬೇರೆ ದಾರಿ ಹಿಡಿಯುತ್ತದೆ. ಅದು ಎಳೆದದ್ದು ನಿಜ, ಬಹಳವೇ ಎಳೆಯಿತು. ಆದರೆ ನಮಗೆ ಅದು ಪ್ರೀತಿಯ ಎಂಜಿನ್ ಆದದ್ದು ಹಿಡಿದು ನಿಲ್ಲಿಸುವ ಗುಣದಿಂದ.

ಬ್ರಗಾಂಜಾ ಘಟ್ಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕ್ಯಾಸಲ್‌ರಾಕ್‌ನಲ್ಲಿ ಸಹ್ಯಾದ್ರಿಯ ನೆತ್ತಿಯಿಂದ ಹೊರಟ ಹಳಿ ಕಾರಂಜೋಳ, ದೂಧಸಾಗರ, ಸೋನಾಲಿಯಂ ದಾಟಿ ಗೋವೆಯ ಕುಳೆಂ ತಲುಪುವವರೆಗೆ ಇಳಿಯುತ್ತಲೇ ಇರುತ್ತದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಕೆಳಗೆ, ಅಷ್ಟು ಕಡಿದಾದ ಇಳಿಜಾರು. 1888ರ ಹೊತ್ತಿಗೆ ಹಾಕಿದ ದಾರಿ ಅದು. ಸುರಂಗದ ಮೇಲೆ ಸುರಂಗ, ತಿರುವಿನ ಮೇಲೆ ತಿರುವು. ಮಳೆಗಾಲದಲ್ಲಂತೂ ಹಳಿ ಮೇಲೆ ನೀರು, ಎಲೆ, ಮಂಜು ಎಲ್ಲ ಒಟ್ಟಿಗೇ. ಹೊಸಪೇಟೆ, ಸಂಡೂರು ಕಡೆಯ ಅದಿರು ತುಂಬಿದ ವ್ಯಾಗನ್ ಸಾಲುಗಳನ್ನು, ಅಂದರೆ ರೇಕುಗಳನ್ನು, ಮುರ್ಮಗೋವಾ ಬಂದರಿಗೆ ನಾವು ಇಳಿಸುತ್ತಿದ್ದದ್ದು ಈ ದಾರಿಯಲ್ಲೇ. ಅದಿರು ತುಂಬಿದ ಒಂದು ವ್ಯಾಗನ್ ಎಂದರೆ 80 ಟನ್ನಿನ ಮೇಲೆ. ಅಂಥವನ್ನು ಸಾಲಾಗಿ ಬೆನ್ನಿಗೆ ಕಟ್ಟಿಕೊಂಡು ಇಳಿಯುವಾಗ ಎಳೆಯುವ ಶಕ್ತಿಯ ಚಿಂತೆ ಯಾರಿಗೂ ಇರುವುದಿಲ್ಲ.

ನಾನು ಅಸಿಸ್ಟೆಂಟ್ ಡ್ರೈವರ್ ಆಗಿ ಸೇರಿದ ಹೊಸದರಲ್ಲಿ ಇಲ್ಲಿ ಮೀಟರ್ ಗೇಜ್ ಇತ್ತು, ವೈಡಿಎಂ-4 ಎಂಜಿನ್ ಇತ್ತು. ತೊಂಬತ್ತರ ದಶಕದಲ್ಲಿ ಹಳಿ ಅಗಲವಾಯಿತು, ಬ್ರಾಡ್ ಗೇಜಿನ ಡಬ್ಲ್ಯೂಡಿಎಂ-2 ಬಂತು. ಎರಡೂ ಅಮೆರಿಕದ ಆಲ್ಕೊ ಕಂಪನಿಯ ಮನೆತನದವು. 1964ರಿಂದ ವಾರಾಣಸಿಯ ಕಾರ್ಖಾನೆಯಲ್ಲಿ ಡಬ್ಲ್ಯೂಡಿಎಂ-2 ತಯಾರಾಗುತ್ತಿತ್ತು. ಅಮೆರಿಕದಲ್ಲಿ 1969ಕ್ಕೇ ಆಲ್ಕೊ ರೈಲು ಎಂಜಿನ್ ಮಾಡುವುದನ್ನು ನಿಲ್ಲಿಸಿದರೂ ನಮ್ಮ ದೇಶದಲ್ಲಿ ಅದರ ವಂಶ ದಶಕಗಟ್ಟಲೆ ಬೆಳೆಯಿತು. ಆ ಎಂಜಿನ್ನುಗಳ ಮೇಲೆ ನನಗೆ ಗೌರವವಿದೆ. ಹಳ್ಳಿಯ ಹುಡುಗರಿಗೂ ಕೈಗೆ ಹತ್ತುವಂಥ ಯಂತ್ರ, ಕಿವಿಗೊಟ್ಟರೆ ತನ್ನ ನೋವನ್ನು ತಾನೇ ಹೇಳುತ್ತಿತ್ತು. ಅದಕ್ಕೂ ಡೈನಾಮಿಕ್ ಬ್ರೇಕ್ ಇತ್ತು. ಆದರೆ ಡಿಸಿ ಮೋಟಾರಿನ ಆ ಬ್ರೇಕು ವೇಗ ಇಳಿದಂತೆಲ್ಲ ಸೊರಗುತ್ತಿತ್ತು. ಉಳಿದದ್ದು ಗಾಳಿಯ ಬ್ರೇಕು. ಅದನ್ನು ಹಾಕಿ ಬಿಟ್ಟು, ಹಾಕಿ ಬಿಟ್ಟು ಮಾಡಿದರೆ ವ್ಯಾಗನ್ನುಗಳ ಟ್ಯಾಂಕಿನಲ್ಲಿ ಗಾಳಿ ಮತ್ತೆ ತುಂಬಲು ಸಮಯ ಸಾಲದು. ಆ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಇಳಿಯಬೇಕು. ಬ್ರೇಕ್ ಬ್ಲಾಕ್ ಕಾದ ವಾಸನೆ ಕ್ಯಾಬಿನೊಳಗೆ ಬಂದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು.

1995ರಲ್ಲಿ ರೈಲ್ವೆ ಇಲಾಖೆ ಜನರಲ್ ಮೋಟರ್ಸ್‌ನ ಇಎಂಡಿ ವಿಭಾಗದ ಜೊತೆ ಒಪ್ಪಂದ ಮಾಡಿಕೊಂಡಿತು. ಜಿಟಿ46ಮ್ಯಾಕ್ ಮಾದರಿಯ 21 ಎಂಜಿನ್ನುಗಳು, ಅವನ್ನು ಇಲ್ಲೇ ತಯಾರಿಸುವ ತಂತ್ರಜ್ಞಾನವೂ ಜೊತೆಗೆ. 1999ರಲ್ಲಿ ಅವು ಡಬ್ಲ್ಯೂಡಿಜಿ-4 ಎಂಬ ಹೆಸರಿನಲ್ಲಿ ಬರತೊಡಗಿದವು. 13 ಪೂರ್ತಿ ತಯಾರಾಗಿ ಬಂದವು, ಉಳಿದ 8 ಬಿಡಿಭಾಗಗಳಾಗಿ ಬಂದು ವಾರಾಣಸಿಯಲ್ಲಿ ಜೋಡಣೆಯಾದವು. ಮನೆಯಾಗಿ ಅವಕ್ಕೆ ಸಿಕ್ಕಿದ್ದು ನಮ್ಮ ಹುಬ್ಬಳ್ಳಿ ಶೆಡ್. ದೇಶದಲ್ಲಿ ಇಷ್ಟು ಶೆಡ್‌ಗಳಿರುವಾಗ ಇಂಥ ಹೊಸ ಯಂತ್ರ ನಮ್ಮೂರಿಗೆ ಬಂತಲ್ಲ ಎಂದು ಆಗ ನಮಗಾದ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ನಾವು ಅದನ್ನು ಕರೆದದ್ದು ಜಿಎಂ ಎಂದು. 'ಇವತ್ತ ಜಿಎಂ ಐತೇನ್ರಿ?' ಎಂದು ಕೇಳಿಯೇ ಡ್ಯೂಟಿಗೆ ಸಹಿ ಹಾಕುವವರಿದ್ದರು.

ಅದರ ಸದ್ದೇ ಬೇರೆ. ಆಲ್ಕೊ ನಾಲ್ಕು ಸ್ಟ್ರೋಕಿನದು, ತಡೆತಡೆದು ಗುಡುಗುತ್ತಿತ್ತು. ಜಿಎಂ ಎರಡು ಸ್ಟ್ರೋಕಿನ 16 ಸಿಲಿಂಡರು, ಪೂರ್ತಿ ಶಕ್ತಿಯ ಎಂಟನೇ ನಾಚ್‌ನಲ್ಲೂ ಒಂದೇ ಸಮನೆ ಗುಂಯ್‌ಗುಟ್ಟುತ್ತಿತ್ತು. ಡೀಸೆಲ್ ಎಂಜಿನ್ ತಿರುಗಿ ಕರೆಂಟು ಹುಟ್ಟಿಸಬೇಕು, ಆ ಕರೆಂಟು ಗಾಲಿಯ ಮೋಟಾರಿಗೆ ಹೋಗಬೇಕು, ಅಲ್ಲಿಯವರೆಗೆ ಎರಡೂ ಒಂದೇ. ಜಿಎಂನಲ್ಲಿ ಆ ಮೋಟಾರು ಮೂರು ಫೇಸಿನ ಎಸಿ. ಕಾರ್ಬನ್ ಬ್ರಶ್ ಇಲ್ಲ, ಕಮ್ಯುಟೇಟರ್ ಇಲ್ಲ. ಮಳೆಯಲ್ಲಿ ನೀರು ಹೊಕ್ಕು ಮೋಟಾರು ಫ್ಲ್ಯಾಶ್ ಆಗಿ ಘಟ್ಟದ ನಡುವೆ ಕೂತ ರಾತ್ರಿಗಳನ್ನು ಕಂಡವರಿಗೆ ಇದೊಂದೇ ಸಾಕಿತ್ತು. ಗಾಲಿ ಜಾರುವುದನ್ನು ನಮಗಿಂತ ಮೊದಲು ಕಂಪ್ಯೂಟರೇ ಹಿಡಿಯುತ್ತಿತ್ತು. ಎಂಜಿನ್ನಿನ ಅಡಿಗಿದ್ದ ರಾಡಾರ್ ನೆಲದ ಮೇಲಿನ ನಿಜವಾದ ವೇಗ ಅಳೆದು ಹೇಳುತ್ತಿತ್ತು, ಎಷ್ಟು ಜಾರಿದರೆ ಹಿಡಿತ ಹೆಚ್ಚೋ ಅಷ್ಟೇ ಜಾರಲು ಬಿಡುತ್ತಿತ್ತು. ಹೊರಡುವಾಗಿನ ಅದರ ಎಳೆತ 540 ಕಿಲೋನ್ಯೂಟನ್, ಸುಮಾರು 55 ಟನ್ನಿನ ಬಲ. ಕುಳೆಂನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಏರಿಸುವಾಗ ಮುಂದೆ ಒಂದು ಜೋಡಿ, ಹಿಂದೆ ಬ್ಯಾಂಕರ್‌ಗಳಾಗಿ ಇನ್ನಷ್ಟು ಜಿಎಂ ಸೇರಿ ಮೇಲೆ ದೂಡುತ್ತಿದ್ದದ್ದು ಈ ಬಲದಿಂದಲೇ.

ಇಳಿಯುವ ದಿನದ ಸಮಾಧಾನವೇ ಬೇರೆ. ಡೈನಾಮಿಕ್ ಬ್ರೇಕಿಗೆ ಹಿಡಿಕೆ ತಿರುಗಿಸಿದರೆ ಮೋಟಾರುಗಳೇ ಜನರೇಟರುಗಳಾಗಿ ಗಾಡಿಯ ಓಟವನ್ನು ಕರೆಂಟು ಮಾಡಿ, ಎಂಜಿನ್ನಿನ ಮೇಲಿನ ರೆಸಿಸ್ಟರ್ ಗ್ರಿಡ್‌ಗಳಲ್ಲಿ ಬಿಸಿಯಾಗಿ ಹೊರಗೆ ಬಿಡುತ್ತಿದ್ದವು. ವೇಗ ಇಳಿದರೂ ಹಿಡಿತ ಬಿಡುತ್ತಿರಲಿಲ್ಲ, ಗಾಡಿ ಇನ್ನೇನು ನಿಲ್ಲುವವರೆಗೂ ಹಿಡಿದಿರುತ್ತಿತ್ತು. ನನಗೆ ಘಟ್ಟ ಕಲಿಸಿದ ಹಿರಿಯರೊಬ್ಬರು ಮೊದಲ ಸಲ ಜಿಎಂ ಜೋಡಿಯ ಮೇಲೆ ಅದಿರು ಇಳಿಸಿದ ದಿನ ದೂಧಸಾಗರ ದಾಟಿದ ಮೇಲೆ ಒಂದೇ ಮಾತಾಡಿದರು: 'ತಮ್ಮಾ, ಇದು ಕೈ ಬಿಡೂದಿಲ್ಲ ನೋಡು.' ಉಗಿ ಎಂಜಿನ್ನಿನ ಕಾಲದಿಂದ ಬಂದವರು ಅವರು, ಸುಲಭಕ್ಕೆ ಯಾವುದನ್ನೂ ಹೊಗಳುವವರಲ್ಲ.

ಒಂದು ಕೊರತೆ ಇತ್ತು. ಕ್ಯಾಬ್ ಒಂದೇ ತುದಿಗೆ. ಎಂಜಿನ್ನಿನ ಉದ್ದದ ಮೈ ಮುಂದಾಗಿ ಓಡುವಾಗ ಡ್ರೈವರಿಗೆ ತನ್ನ ಮಗ್ಗುಲಿನ ದಾರಿ ಮಾತ್ರ ಕಾಣುತ್ತದೆ. ಇನ್ನೊಂದು ಮಗ್ಗುಲು ಅಸಿಸ್ಟೆಂಟನದು. ತಿರುವಿನಲ್ಲಿ ಸಿಗ್ನಲ್ ಅವನ ಕಡೆಗಿದ್ದರೆ ಅವನ ಕಣ್ಣೇ ನಮ್ಮ ಕಣ್ಣು, ಅವನ ಕೂಗೇ ಆಧಾರ. 'ಹಸರ ಸರ್ರ' ಎಂದು ಅವನು ಕೂಗಿ ಕೈ ಎತ್ತುತ್ತಿದ್ದ, ನಾನು ಅದನ್ನೇ ತಿರುಗಿ ಕೂಗುತ್ತಿದ್ದೆ. ಮಂಜಿನಲ್ಲಿ, ಮಳೆಯ ಹೊಡೆತದಲ್ಲಿ ರಾತ್ರಿಯಿಡೀ ಹೀಗೆ ಕೂಗಿಕೊಂಡು ಬಂದ ಇಬ್ಬರು ಬರೇ ಸಹೋದ್ಯೋಗಿಗಳಾಗಿ ಉಳಿಯಲು ಸಾಧ್ಯವೇ? ನನ್ನ ಅಸಿಸ್ಟೆಂಟ್ ಆಗಿದ್ದವನು ಈಗ ನನ್ನ ಮಕ್ಕಳಿಗೆ ಕಾಕಾ. ಕ್ಯಾಸಲ್‌ರಾಕ್‌ನ ರನ್ನಿಂಗ್ ರೂಮಿನಲ್ಲಿ, ಅಂದರೆ ಡ್ಯೂಟಿ ನಡುವೆ ತಂಗುವ ಕೋಣೆಯಲ್ಲಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರೆ ಯಾರ ಬುತ್ತಿ ಯಾರದೆಂಬ ಲೆಕ್ಕ ಇರಲಿಲ್ಲ. ಒದ್ದೆ ಅಂಗಿಗಳು ಒಂದೇ ಹಗ್ಗದ ಮೇಲೆ ಇರುತ್ತಿದ್ದವು.

2002ರಿಂದ ವಾರಾಣಸಿಯಲ್ಲೇ ಡಬ್ಲ್ಯೂಡಿಜಿ-4 ತಯಾರಾಗತೊಡಗಿತು. ಮುಂದೆ ಅದರ ಶಕ್ತಿ 4500ಕ್ಕೆ ಏರಿತು, ಎರಡೂ ತುದಿಗೆ ಕ್ಯಾಬ್ ಇರುವ ಡಬ್ಲ್ಯೂಡಿಜಿ-4ಡಿ ಬಂತು. 2003ರಲ್ಲಿ ನೈಋತ್ಯ ರೈಲ್ವೆಗೆ ಹುಬ್ಬಳ್ಳಿಯೇ ಕೇಂದ್ರವಾಯಿತು. ಅದಿರಿನ ಓಟ ಹೆಚ್ಚಿದ ವರ್ಷಗಳಲ್ಲಿ ಮನೆಗಿಂತ ಲೈನ್‌ನಲ್ಲೇ ಹೆಚ್ಚು ಇದ್ದೆವು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆಯಿತು, ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಇಳಿಯುವ ರೇಕು ಕಡಿಮೆಯಾದವು, ಏರುವ ಕಲ್ಲಿದ್ದಲು ಉಳಿಯಿತು.

ಈಗ ಆ ದಾರಿಗೆ ವಿದ್ಯುತ್ ತಂತಿ ಬಂದಿದೆ. ಮೊನ್ನೆ ನಾವು ಸೇರಿದಾಗ ಡ್ಯೂಟಿ ಮುಗಿಸಿ ಬಂದ ಹುಡುಗನೊಬ್ಬನನ್ನು ಕೂರಿಸಿಕೊಂಡು ಕೇಳಿದೆವು. ಇಳಿಯುವಾಗ ಹುಟ್ಟುವ ಕರೆಂಟು ಬಿಸಿಯಾಗಿ ಹೋಗುವುದಿಲ್ಲ, ತಂತಿಗೇ ಮರಳುತ್ತದೆ ಎಂದು ಅವನು ವಿವರಿಸಿದ. ಕೇಳಿ ಎಲ್ಲರಿಗೂ ಖುಷಿಯಾಯಿತು. ನಾವು ಕಾಡಿನ ಗಾಳಿಗೆ ಬಿಟ್ಟದ್ದು ಈಗ ಇನ್ನೊಂದು ಗಾಡಿಗೆ ದಕ್ಕುತ್ತಿದೆ. 'ಹಿಡಿತ ಹೆಂಗೈತಿ?' ಎಂದರು ಘಟ್ಟ ಕಲಿಸಿದ ಹಿರಿಯರು. 'ಚಲೋ ಐತ್ರಿ ಅಜ್ಜಾರ' ಎಂದ. ಅವರು ತಲೆಯಾಡಿಸಿ, ಇನ್ನೊಂದು ಪ್ರಶ್ನೆ ಕೇಳಿದರು: 'ಜೋಡಿ ಯಾರಪಾ ನಿನಗ?'