ನ್ಯಾಸಾಪಹಾರ: ಒಂದು ಸಹಿಯ ಪ್ರಸಂಗ

ಗೃಹಸ್ಥನಾದ ಶ್ರಾವಕನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ನಡೆಯದುದನ್ನು ನಡೆದಂತೆ ಬರೆಯುವುದು, ಒಂದು. ನಂಬಿ ಇಟ್ಟ ಠೇವಣಿಯ ವಿಷಯದಲ್ಲಿ ತಪ್ಪುವ ನ್ಯಾಸಾಪಹಾರ ಇನ್ನೊಂದು. ವ್ಯಾಪಾರಿಯಾದ ನಾನು ಇವೆರಡನ್ನೂ ಅಂಗಡಿಯ ಮಾತೆಂದೇ ತಿಳಿದಿದ್ದೆನು. ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ನಡಾವಳಿ ಪುಸ್ತಕವು ಆ ತಿಳಿವಳಿಕೆಯನ್ನು ಕೆಡಿಸಿತು.

ಕರ್ನಾಟಕ ಸರ್ಕಾರವು 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ಏರ್ಪಡಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ವಿಧಿಸಿ, ಅನುದಾನದ ವಿನಿಯೋಗವನ್ನು ನೋಡಿಕೊಳ್ಳುವ ಹೊಣೆಯನ್ನು ಅದಕ್ಕೇ ಒಪ್ಪಿಸಿತು. ನಮ್ಮಲ್ಲಿ ಆದುದೇ ಬೇರೆ. ಅಧ್ಯಕ್ಷಗಿರಿಯು ಪಂಚಾಯಿತಿ ಚುನಾವಣೆಯ ಎರಡು ಪಂಗಡಗಳ ಜಿದ್ದಿಗೆ ಸಿಕ್ಕಿ, ಚಹದಂಗಡಿಯಲ್ಲಿ ತೀರ್ಮಾನವಾಯಿತು. ತಾಯಂದಿರ ಹೆಸರುಗಳನ್ನು ಪಟ್ಟಿ ತುಂಬಿಸಲೆಂದು ಬರೆದುಕೊಂಡರು. ಜಗಳಕ್ಕೆ ಹೋಗದ ಮನುಷ್ಯನೆಂದು ನನ್ನನ್ನೂ ಸೇರಿಸಿಕೊಂಡರು.

2014ರ ಮಾರ್ಚ್ ತಿಂಗಳ ಒಂದು ಸಂಜೆ ಮುಖ್ಯೋಪಾಧ್ಯಾಯರು ನಡಾವಳಿ ಪುಸ್ತಕವನ್ನು ಶಾಲೆಯ ಹುಡುಗನೊಬ್ಬನ ಕೈಯಲ್ಲಿ ನನ್ನ ಅಂಗಡಿಗೆ ಕಳುಹಿಸಿದ್ದರು. ಸೇರದ ಸಭೆಯ ನಡಾವಳಿಗೆ, ಗಿರಾಕಿಗಳ ನಡುವೆಯೇ, ಸಹಿ ಹಾಕಿದೆನು. ಸಮಿತಿಯ ಸದಸ್ಯೆಯಾದ ತಾಯಿಯೊಬ್ಬಳು ಎಣ್ಣೆ ಕೊಳ್ಳಲು ಬಂದಿದ್ದಳು. ಹುಡುಗನು ಆಕೆಗೂ ಪುಸ್ತಕವನ್ನು ಚಾಚಿದನು. ಆಕೆ ಪೆನ್ನು ಹಿಡಿದವಳು ನನ್ನತ್ತ ನೋಡಿ, “ಸಾವ್ಕಾರ್ರ, ಸಾಲಿಗೆ ರೊಕ್ಕ ಎಷ್ಟು ಬಂದೈತಂತ ಬರದಾರ್ರಿ?” ಎಂದು ಕೇಳಿದಳು.

ನಾನು ಓದಿರಲಿಲ್ಲ! ಪ್ರತಿ ರಾತ್ರಿ ಕಿರ್ದಿ ತಾಳೆಯಾಗದೆ ಅಂಗಡಿಯ ಬಾಗಿಲು ಹಾಕದವನು, 12,000 ರೂಪಾಯಿಗಳ ಶಾಲಾ ಅನುದಾನದ ಖರ್ಚಿಗೆ ಕಣ್ಣುಮುಚ್ಚಿ ಒಪ್ಪಿಗೆಯಿತ್ತಿದ್ದೆನು. ಆಕೆ ಪೆನ್ನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಎಣ್ಣೆ ತೆಗೆದುಕೊಂಡು ಹೋದಳು.

ಠೇವಣಿ ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ, ಅಷ್ಟೇ ಹೌದೆಂದು ಒಪ್ಪಿ ಕೊಡುವುದು ನ್ಯಾಸಾಪಹಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಪೆಟ್ಟಿಗೆ ಒಡೆಯುವ ಮಾತು ಅಲ್ಲಿಲ್ಲ. ಇಟ್ಟವನ ತಿಳಿಯದಿರುವಿಕೆಯನ್ನು ಹಾಗೆಯೇ ಉಳಿಯಗೊಡುವುದೇ ದೋಷ. ಈ ತಾಯಿಯಾದರೋ ಎಣಿಕೆಯನ್ನು ಮರೆತವಳಲ್ಲ. ಆಕೆಗೆ ಯಾರೂ ಹೇಳಿಯೇ ಇರಲಿಲ್ಲ. (ನಮ್ಮ ಬಸದಿಗಳ ಟ್ರಸ್ಟುಗಳಲ್ಲಿಯೂ ನಡಾವಳಿ ಪುಸ್ತಕವು ಮನೆಮನೆಗೆ ತಿರುಗುವುದುಂಟು. ವಾಚಕರು ಬಲ್ಲರು.)

ಮರುವಾರ ನಾನು ಪಟ್ಟುಹಿಡಿದು ಸಭೆ ಕರೆಯಿಸಿದೆನು. ಮುಖ್ಯೋಪಾಧ್ಯಾಯರು ಕಳ್ಳರಲ್ಲ. ಹಣವು ವರ್ಷಾಂತ್ಯಕ್ಕೆ ಬಂದಿತ್ತು, ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕಾಗಿತ್ತು. ಎರಡು ಪಂಗಡಗಳನ್ನು ಒಂದೆಡೆ ಕೂಡಿಸಲು ಅವರು ಅಂಜಿದ್ದರು. ಅಂದು ಒಂದೊಂದೇ ಬಾಬನ್ನು ಕರಿಹಲಗೆಯ ಮೇಲೆ ಬರೆದರು. ಆಟದ ಸಾಮಾನಿನ ರಸೀದಿ ದೊರೆಯಿತು. ಕುಡಿಯುವ ನೀರಿನ ನಳದ ದುರಸ್ತಿಯದು ದೊರೆಯಲಿಲ್ಲ. “ನಳ ಇನ್ನೂ ಸೋರತೈತ್ರಿ” ಎಂದಳು ಆ ತಾಯಿ. ಎರಡೂ ಪಂಗಡದವರು ನೆಲ ನೋಡಿದರು. ನಳ ಸರಿಯಾದ ಮೇಲೆಯೇ ಆ ಬಾಬನ್ನು ಒಪ್ಪುವುದೆಂದು ಬರೆಯಲಾಯಿತು. ಅದಕ್ಕೆ ಆಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಹಿಂದಿನ ಪುಟವನ್ನು ಹರಿಯುವಂತಿರಲಿಲ್ಲ. ಅದರಲ್ಲಿ ನನ್ನ ಸಹಿ ಹಾಗೆಯೇ ಉಳಿದಿದೆ. ಕೆಳಗೆ ಆಕೆಯ ಹೆಸರಿನ ಮುಂದೆ ಜಾಗ ಖಾಲಿಯಿದೆ.