ಗಾಳಿ ನೋಡಿ ದಾರಿ ಕಟ್ಟುತ್ತಿದ್ದವರು

ಬಯಲು ನಾಡಿನ ಸೈಕಲ್ ಶರ್ಯತ್ತಿನಲ್ಲಿ ಅರ್ಧ ಫಲಿತಾಂಶ ದಾರಿ ನಿಶ್ಚಯವಾದ ದಿನವೇ ಬಂದುಬಿಟ್ಟಿರುತ್ತದೆ. ಲಚ್ಯಾಣದ ಸ್ಟೇಷನ್ ಹತ್ತಿರ ಚಹಾದಂಗಡಿಯಲ್ಲಿ ಕೂತು ಶರ್ಯತ್ತುಗಳನ್ನು ತೂಗಿ ನೋಡುತ್ತಿದ್ದ ಹಿರಿಯರಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಗೆದ್ದವನ ಹೆಸರು, ಅವನ ಊರು, ಅವನ ಕಾಲಿನ ಕಸುವು ಇವೆಲ್ಲ ಚಹಾ ಆರುವುದರೊಳಗೆ ಮುಗಿಯುತ್ತಿದ್ದವು. ಆಮೇಲೆ ಶುರುವಾಗುವುದು ದಾರಿಯ ವಿಚಾರಣೆ. ತಿರುವು ಇಟ್ಟ ಜಾಗ ಸರಿಯಿತ್ತೇ? ಹಳ್ಳದ ಇಳಕಲು ಮುಗಿದ ಕೂಡಲೇ ಊರೊಳಗೆ ತರಬಾರದಿತ್ತಲ್ಲ? ಕೊನೆಯ ಎರಡು ಮೈಲಿ ಯಾವ ದಿಕ್ಕಿಗೆ ಮುಖ ಮಾಡಿತ್ತು? ಮುವ್ವತ್ತು ಮಂದಿ ಒಂದೇ ಗುಂಪಾಗಿ ಬಂದು ಸುಣ್ಣದ ಗೆರೆ ದಾಟಿದರೆ ಒಬ್ಬ ಕಾಕಾ ಥಟ್ಟನೆ ತೀರ್ಪು ಕೊಡುತ್ತಿದ್ದರು: "ಸೈಕಲ್ ಹೊಡದವ್ರು ಸೋತಿಲ್ಲೋ ತಮ್ಮಾ, ದಾರಿ ಕಟ್ಟಿದವ ಸೋತಾನ."

ದಾರಿಯನ್ನು ಹೀಗೆ ಪರೀಕ್ಷೆಗೆ ಹಚ್ಚುವ ಮಂದಿ ಈಗ ಇಲ್ಲ. ಶರ್ಯತ್ತುಗಳು ಪೂರ್ತಿ ನಿಂತಿಲ್ಲ, ಸೈಕಲ್ ಹೊಡೆಯುವ ಹುಡುಗ ಹುಡುಗಿಯರಿಗೂ ಈ ನೆಲದಲ್ಲಿ ಬರ ಬಂದಿಲ್ಲ. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯವಿದೆ. ಇಲ್ಲಿಂದ ಹೋದವರು ರಾಷ್ಟ್ರೀಯ ಪದಕ ತಂದಿದ್ದಾರೆ. ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಗಳಲ್ಲಿ ನೌಕರಿ ಹಿಡಿದಿದ್ದಾರೆ. 2024ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಸ್ಪರ್ಧೆಯೇ ವಿಜಯಪುರಕ್ಕೆ ಬಂತು. ಆದರೂ ದಾರಿ ಹೇಗಿತ್ತು ಎಂದು ಕೇಳುವವರು, ಕೇಳಿದರೆ ಹೇಳಬಲ್ಲವರು ತೀರಿಹೋಗುತ್ತಿದ್ದಾರೆ. ನನ್ನ ಸಂಕಟ ಅದರದು.

ಹೊರಗಿನವರು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾರೆ: ಗುಡ್ಡವೇ ಇಲ್ಲದ ಈ ಸೀಮೆಯಲ್ಲಿ ಇಷ್ಟು ಮಂದಿ ಸೈಕಲ್ ಪಟುಗಳು ಹುಟ್ಟಿದ್ದು ಹೇಗೆ? ವಿಜಯಪುರ, ಬಾಗಲಕೋಟೆ ಎರಡೂ 1997ರವರೆಗೆ ಒಂದೇ ಜಿಲ್ಲೆ. ಭೀಮೆಯಿಂದ ಕೃಷ್ಣೆಯವರೆಗೆ ಎರಿ ಹೊಲ, ಮಡ್ಡಿ, ನಡುನಡುವೆ ಹಳ್ಳ. ದೃಷ್ಟಿ ಹರಿಯುವಷ್ಟು ದೂರ ಬಿಳಿಜೋಳ. ಇಂಥಲ್ಲಿ ಗುಡ್ಡದ ಕೆಲಸವನ್ನು ಗಾಳಿ ಮಾಡುತ್ತದೆ. ಕಂಪನಿಗಳು ಈಗ ನಮ್ಮ ಮಡ್ಡಿಗಳ ಮೇಲೆ ಗಾಳಿಯಂತ್ರ ತಂದು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಏರು ಎಷ್ಟೇ ಕಠಿಣವಿದ್ದರೂ ಅದಕ್ಕೊಂದು ತುದಿಯಿದೆ, ತುದಿ ಮುಟ್ಟಿದ ಮೇಲೆ ಇಳಕಲು ಸಿಗುತ್ತದೆ. ಎದುರುಗಾಳಿಗೆ ತುದಿಯಿಲ್ಲ. ಅದರಲ್ಲಿ ಬೆಳೆದವರಿಗೆ ತಾಳಿಕೆ ಬರುತ್ತದೆ, ಇನ್ನೊಬ್ಬನ ಹಿಂದಿನ ಗಾಲಿ ಹಿಡಿದು ಸರಿಯುವ ಹದವೂ ಬರುತ್ತದೆ.

ಹಾಗಾಗಿ ನಮ್ಮಲ್ಲಿ ದಾರಿ ಕಟ್ಟುವವ ಮೊದಲು ನೋಡಬೇಕಾದದ್ದು ಹಂಗಾಮು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬರುತ್ತದೆ. ಸುಗ್ಗಿಯ ಹೊತ್ತಿಗೆ ಅದು ತಿರುಗಿ ಮೂಡಣದಿಂದ, ಈಶಾನ್ಯದಿಂದ ಬೀಸುತ್ತದೆ. ಆಷಾಢದಲ್ಲಿ ಇಂಡಿಯಿಂದ ಸಿಂದಗಿಗೆ ಬೆನ್ನಗಾಳಿ ಹಿಡಿದು ಹಾರುತ್ತ ಹೋದವನು ಅದೇ ದಾರಿಯಲ್ಲಿ ಪುಷ್ಯಮಾಸದಲ್ಲಿ ತಲೆತಗ್ಗಿಸಿ ತುಳಿಯಬೇಕು. ಜಾತ್ರಾ ಕಮಿಟಿಯವರು ಹೋದ ವರ್ಷದ ದಾರಿಯನ್ನೇ ಬೇರೆ ತಿಂಗಳಿಗೆ ಇಟ್ಟರೆ ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ.

ಜಗತ್ತಿನ ದೊಡ್ಡ ಹಂತದ ಸ್ಪರ್ಧೆಗಳ ಕಥೆಯನ್ನು ಎಲ್ಲರೂ ಗುಡ್ಡದಿಂದಲೇ ಹೇಳುತ್ತಾರೆ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದಾಗ ಆರೇ ಹಂತ, 2,428 ಕಿ.ಮೀ. 1910ರಲ್ಲಿ ಪಿರನೀಸ್ ಪರ್ವತದ ಟೂರ್ಮಲೆ ಕಣಿವೆಯನ್ನು ದಾರಿಗೆ ಸೇರಿಸಿದರು. ಅದನ್ನು ಮೊದಲೇ ನೋಡಿಬರಲು ಹೋದ ಅಲ್ಫೋನ್ಸ್ ಸ್ಟೈನೆಸ್ ಹಿಮದಲ್ಲಿ ಸಿಕ್ಕಿ ಒದ್ದಾಡಿದ, ಆದರೂ ದಾರಿ ಚೆನ್ನಾಗಿದೆ ಎಂದೇ ತಂತಿ ಕಳಿಸಿದ. ಅಲ್ಲಿಂದಾಚೆ ಗುಡ್ಡವಿದ್ದರೆ ಮಾತ್ರ ದಾರಿ ಎಂಬ ನಂಬಿಕೆ ಬೇರೂರಿತು. ನಮ್ಮ ಕಡೆಗೂ ಅದೇ. ಬೆಂಗಳೂರಿನವರು 2008ರಿಂದ ನಡೆಸುತ್ತಿರುವ ಟೂರ್ ಆಫ್ ನೀಲಗಿರೀಸ್‌ನ ಮಾತು ಬಂದರೆ ಎಲ್ಲರ ಬಾಯಲ್ಲಿ ಕಲ್ಹಟ್ಟಿ ಏರು. ಮುಂಬೈ–ಪುಣೆ ಶರ್ಯತ್ತು 1945ರದು. ಅಲ್ಲಿ ಖಂಡಾಳದ ಘಾಟಿಯನ್ನು ಮೊದಲು ಹತ್ತಿದವನಿಗೆ 'ಘಾಟಾಚಾ ರಾಜಾ' ಎಂಬ ಪಟ್ಟ, ಪೂರ್ತಿ ಶರ್ಯತ್ತು ಗೆದ್ದವನಷ್ಟೇ ಅವನಿಗೂ ಮಾನ. 2026ರ ಜನವರಿಯಲ್ಲಿ ಪುಣೆ ಜಿಲ್ಲೆಯಲ್ಲಿ ಹೊರದೇಶದ ವೃತ್ತಿಪರ ತಂಡಗಳು ಬಂದು ಐದು ದಿನ, 437 ಕಿ.ಮೀ. ಓಡಿಸಿದಾಗಲೂ ಹೊಗಳಿಕೆಯೆಲ್ಲ ಸಹ್ಯಾದ್ರಿಯ ಏರುಗಳಿಗೇ ಹೋಯಿತು. ನನಗೆ ಅದರಲ್ಲಿ ಹೊಟ್ಟೆಕಿಚ್ಚಿಲ್ಲ. ಆದರೆ ಬಯಲಿಗೂ ತನ್ನದೇ ಒಂದು ದಾರಿಶಾಸ್ತ್ರವಿದೆ, ಅದನ್ನು ಬಲ್ಲವರು ನಮ್ಮೂರಲ್ಲಿದ್ದರು ಎಂಬುದನ್ನು ಯಾರಾದರೂ ಬರೆದಿಡಬೇಕು.

ಅದರ ತಿರುಳು ಅಡ್ಡಗಾಳಿ. ಗಾಳಿ ಎದುರಿನಿಂದ ಬಂದರೆ ಒಬ್ಬರ ಹಿಂದೆ ಒಬ್ಬರು ಅಡಗಬಹುದು, ಐವತ್ತು ಮಂದಿ ಬೇಕಾದರೂ. ಬೆನ್ನಿಗೆ ಬಂದರೆ ಎಲ್ಲರೂ ಹಗುರ. ಪಕ್ಕದಿಂದ ಬಂದಾಗ ಲೆಕ್ಕ ತಪ್ಪುತ್ತದೆ. ಎಡದಿಂದ ಗಾಳಿಯಿದ್ದರೆ ಮುಂದಿನವನು ರಸ್ತೆಯ ಎಡಕ್ಕೆ ಇರುತ್ತಾನೆ. ಅವನ ಮರೆ ಬೇಕಾದವನು ನೇರ ಹಿಂದೆ ನಿಲ್ಲುವಂತಿಲ್ಲ, ಸ್ವಲ್ಪ ಬಲಕ್ಕೆ ಸರಿದು ನಿಲ್ಲಬೇಕು. ಮೂರನೆಯವನು ಇನ್ನಷ್ಟು ಬಲಕ್ಕೆ. ಹೀಗೆ ಓರೆಯಾಗಿ ಸಾಲು ಹರಡುತ್ತ ಹೋಗಿ ರಸ್ತೆಯ ಬಲ ಅಂಚಿಗೆ ಬಂದು ನಿಲ್ಲುತ್ತದೆ. ಒಂಟಿ ಡಾಂಬರು ರಸ್ತೆಯಾದರೆ ಆರೇಳು ಮಂದಿಗೆ ಜಾಗ ತೀರಿತು. ಎಂಟನೆಯವನಿಗೆ ಮರೆಯಿಲ್ಲ. ಅವನು ಅಂಚು ಹಿಡಿದು, ಎರಿಮಣ್ಣಿಗೆ ಗಾಲಿ ಜಾರದಂತೆ ನೋಡಿಕೊಳ್ಳುತ್ತ, ಪೂರ್ತಿ ಗಾಳಿ ತಿನ್ನುತ್ತ ತುಳಿಯಬೇಕು. ಒಂದು ಗೇಣು ಬಿಟ್ಟನೋ, ಅಲ್ಲೇ ಗುಂಪು ಹರಿಯಿತು. 2013ರ ಟೂರ್ ಡಿ ಫ್ರಾನ್ಸ್‌ನಲ್ಲಿ ಸ್ಯಾಂತ್ ಅಮಾಂಡ್ ಊರಿಗೆ ಹೋಗುವ ಸಪಾಟು ಹಂತದಲ್ಲಿ ಆದದ್ದು ಇದೇ. ಏರೊಂದೂ ಕಾಡದ ಆ ದಿನ ಮುಂಚೂಣಿಯಲ್ಲಿದ್ದ ಕ್ರಿಸ್ ಫ್ರೂಮ್ ಒಂದು ನಿಮಿಷಕ್ಕಿಂತ ಹೆಚ್ಚು ಕಳೆದುಕೊಂಡ.

ಕಾಕಾ ಆ ಶರ್ಯತ್ತನ್ನು ನೋಡಿದವರಲ್ಲ. ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗಿನಲ್ಲಿ ದುಡಿದು ನಿವೃತ್ತರಾದವರು. ಆದರೆ ಯಾವ ರಸ್ತೆ ಎಷ್ಟು ಅಗಲ, ಅದರ ಅಂಚು ಎಲ್ಲಿ ಮುರಿದಿದೆ, ಬೇವಿನ ಸಾಲು ಎಲ್ಲಿ ಮುಗಿದು ಬಯಲು ತೆರೆಯುತ್ತದೆ ಎಂಬುದು ಅವರಿಗೆ ಬಾಯಿಪಾಠವಿತ್ತು. "ಗಿಡದ ಸಾಲು ಮುಗಿಯೂದ ನೋಡು. ಶಾಣ್ಯಾ ಇದ್ದವ ಅಲ್ಲೇ ಎದ್ದು ತುಳೀತಾನ" ಎನ್ನುತ್ತಿದ್ದರು. ಮರಗಳ ಮರೆಯಲ್ಲಿ ಆರಾಮಾಗಿ ಬಂದ ಗುಂಪಿಗೆ ಥಟ್ಟನೆ ಗಾಳಿ ಹೊಡೆಯುವ ಜಾಗ ಅದು. ಒಳ್ಳೆಯ ದಾರಿಯಲ್ಲಿ ಅಂಥ ಜಾಗ ಕೊನೆಗೆ ಹತ್ತಿರವೂ ಇರಬಾರದು, ಬಹಳ ದೂರವೂ ಇರಬಾರದು. ಹತ್ತಿರವಾದರೆ ಅದೃಷ್ಟ ಗೆಲ್ಲುತ್ತದೆ, ದೂರವಾದರೆ ಹರಿದ ಗುಂಪು ಮತ್ತೆ ಕೂಡಿಬಿಡುತ್ತದೆ.

ರೈಲ್ವೆ ಗೇಟಿನ ವಿಷಯದಲ್ಲಿ ಅವರು ಇನ್ನೂ ಕಟ್ಟುನಿಟ್ಟು. ಲಚ್ಯಾಣ ಸಿದ್ಧಲಿಂಗ ಮಹಾರಾಜರ ಮಠದ ಊರು, ಅದರ ಜೊತೆಗೆ ಹೋಟಗಿ–ಗದಗ ರೈಲು ಮಾರ್ಗದ ಊರು. ಪ್ಯಾಸೆಂಜರ್ ಗಾಡಿ ದಾಟಿದ ಮೇಲೆಯೇ ಸೀಟಿ ಊದಬೇಕು, ಹಳಿ ದಾಟುವುದು ದಾರಿಯ ಮೊದಲ ಭಾಗದಲ್ಲೇ ಮುಗಿಯಬೇಕು, ಕೊನೆಯ ಭಾಗದಲ್ಲಿ ಗೇಟು ಬಂದರೆ ಅದು ದಾರಿಯೇ ಅಲ್ಲ. 2006ರ ಪ್ಯಾರಿಸ್–ರೂಬೇಯಲ್ಲಿ ಮುಚ್ಚಿದ ಗೇಟು ದಾಟಿದ್ದಕ್ಕೆ ಎರಡು, ಮೂರು, ನಾಲ್ಕನೆಯ ಸ್ಥಾನದಲ್ಲಿ ಬಂದ ಮೂವರನ್ನೂ ಹೊರಹಾಕಿದರು ಎಂದು ಎಷ್ಟೋ ವರ್ಷದ ಮೇಲೆ ಓದಿದಾಗ ನನಗೆ ನೆನಪಾದದ್ದು ಕಾಕಾನ ಈ ಕಟ್ಟಳೆ.

ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳಲ್ಲಿ ಅವರೂ ನಾನೂ ಕೂತು ಒಂದು ದಾರಿ ಕಟ್ಟಿದೆವು. ನಾಲ್ಕು ದಿನದ್ದು, ಭೀಮೆಯ ಸೀಮೆಯಿಂದ ಕೃಷ್ಣೆಗೆ. ಯಾರೂ ಕೇಳಿರಲಿಲ್ಲ, ರೊಕ್ಕ ಕೊಡುವವರೂ ಇರಲಿಲ್ಲ. ಚಳಿಗಾಲಕ್ಕೆಂದು ಕಟ್ಟಿದ್ದು. ಮೊದಲ ದಿನ ಲಚ್ಯಾಣದಿಂದ ಇಂಡಿ, ಅಲ್ಲಿಂದ ಸಿಂದಗಿ. ಲಿಂಬೆ ತೋಟಗಳ ನಡುವೆ ಓರೆ ಎದುರುಗಾಳಿ, ಮೈ ಕಾಯಲು ಸಾಕು. ಎರಡನೇ ದಿನ ಸಿಂದಗಿಯಿಂದ ದೇವರ ಹಿಪ್ಪರಗಿಗೆ ಪಡುವಣಕ್ಕೆ, ಬೆನ್ನಗಾಳಿ. ಎಲ್ಲರಿಗೂ ತಾವು ಗಟ್ಟಿಗರೆಂದು ಅನ್ನಿಸುವ ದಾರಿ. ಅಲ್ಲಿ ಎಡಕ್ಕೆ ಹೊರಳಿ ತಾಳಿಕೋಟೆಯತ್ತ ತೆಂಕಣಕ್ಕೆ ಹೊರಟರೆ ಗಾಳಿ ಎಡಪಕ್ಕೆಗೆ. ಮಳೆಗಾಲದಲ್ಲಾದರೆ ಬಲಪಕ್ಕೆಗೆ. ಎರಡೂ ಹಂಗಾಮಿನಲ್ಲಿ ಅಡ್ಡಗಾಳಿ ತಪ್ಪದ ರಸ್ತೆ ಇದು, ಕಾಕಾ ಇದನ್ನೇ ಇಡೀ ಶರ್ಯತ್ತಿನ ಕೀಲು ಎಂದಿದ್ದರು. ಮುಂದೆ ಡೋಣಿ ಹೊಳೆಯ ತಗ್ಗು ಸೇತುವೆ. ಮಳೆಗಾಲದಲ್ಲಿ ಹೊಳೆ ಬಂದರೆ ಅದು ಮುಳುಗುತ್ತದೆ, ಚಳಿಗಾಲವೇ ಬೇಕು ಎಂದು ಅವರು ಹಟ ಹಿಡಿದದ್ದು ಅದಕ್ಕೇ. ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಆ ದಿನದ ಮುಕ್ತಾಯ. ಮೂರನೇ ದಿನ ಮುದ್ದೇಬಿಹಾಳದಿಂದ ನಿಡಗುಂದಿಗೆ ಒಬ್ಬೊಬ್ಬರಾಗಿ ಬಿಡುವ ಗಡಿಯಾರದ ಓಟ. ನಾಲ್ಕನೇ ದಿನ ನಿಡಗುಂದಿಯಿಂದ ಬಡಗಣಕ್ಕೆ, ಬಸವನ ಬಾಗೇವಾಡಿ ದಾರಿ, ಈಗ ಗಾಳಿ ಬಲಗಡೆ.

ಹುಡುಗಾಟವೆಂದು ಆಗ ಕೆಲವರು ನಕ್ಕರು. ಆದರೆ ಕತಾರ್ ದೇಶ ಇದೇ ಬಗೆಯ ದಾರಿಯನ್ನು 2002ರಿಂದ 2016ರವರೆಗೆ ನಡೆಸಿತು. ಮರುಭೂಮಿ, ಏರಿಲ್ಲ, ಗಾಳಿ ಮಾತ್ರ. ಅದರ ಹಿಂದೆ ನಿಂತವರು ಸೈಕಲ್ ಲೋಕದ ದೊಡ್ಡ ಹೆಸರಾದ ಎಡ್ಡಿ ಮರ್ಕ್ಸ್. ಬೆಲ್ಜಿಯಂನ ಬಯಲುಗಾಳಿಯಲ್ಲಿ ಪಳಗಿದ ಪಟುಗಳು ಅಲ್ಲಿ ಗುಂಪನ್ನು ಹರಿದು ಹಂಚುತ್ತಿದ್ದರು. 2016ರ ವಿಶ್ವ ಚಾಂಪಿಯನ್‌ಷಿಪ್ ದೋಹಾದಲ್ಲಿ ನಡೆದಾಗಲೂ ಶರ್ಯತ್ತು ತೀರ್ಮಾನವಾದದ್ದು ಮರುಭೂಮಿಯ ಅಡ್ಡಗಾಳಿಯಲ್ಲೇ.

ನಮ್ಮ ದಾರಿಯನ್ನು ಕೊಂದದ್ದು ಯಾವುದೋ ಒಂದು ದುರುದ್ದೇಶವಲ್ಲ. ರಸ್ತೆಗಳು ಅಗಲವಾದವು. ವಿಜಯಪುರ–ಸೊಲ್ಲಾಪುರ, ವಿಜಯಪುರ–ಹೊಸಪೇಟೆ ನಾಲ್ಕು ಪಥವಾದವು. ಬಸುರಿಯನ್ನು ಕರೆದುಕೊಂಡು ಜಿಲ್ಲಾಸ್ಪತ್ರೆಗೆ ಓಡುವವರಿಗೆ ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯಲಾರೆ. ಆದರೆ ಶರ್ಯತ್ತಿನ ಮಟ್ಟಿಗೆ ಅಗಲ ರಸ್ತೆ ಗಾಳಿಯ ಹಲ್ಲು ಕೀಳುತ್ತದೆ. ಆರೇಳು ಮಂದಿಗೆ ಮುಗಿಯುತ್ತಿದ್ದ ಓರೆ ಸಾಲು ಈಗ ಇಪ್ಪತ್ತು ಮಂದಿಗೂ ಸಾಲುತ್ತದೆ, ಗುಂಪು ಹರಿಯುವುದೇ ಇಲ್ಲ. ಉಳಿದ ಒಳರಸ್ತೆಗಳಲ್ಲಿ ಹೆಜ್ಜೆಗೊಂದು ಹಂಪು. ಜೋಡಿ ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ಬೇರೆ. ಕಾರ್ಖಾನೆಗಳು ಕಬ್ಬು ಅರೆಯುವ ನವೆಂಬರಿನಿಂದ ಮಾರ್ಚ್‌ವರೆಗಿನ ಕಾಲವೇ ನಮ್ಮ ಶರ್ಯತ್ತಿನ ಕಾಲವೂ ಹೌದು. ಆ ರಸ್ತೆಯನ್ನು ಊರಿಂದೂರಿಗೆ ಬಂದ್ ಮಾಡಿಕೊಡಿ ಎಂದರೆ ಪೊಲೀಸರು ಹೇಗೆ ಒಪ್ಪಿಯಾರು? ಹಾಗಾಗಿ ಹೆದ್ದಾರಿಯ ಒಂದು ಬದಿ ಮುಚ್ಚಿ, ಪ್ಲಾಸ್ಟಿಕ್ ಕೋನ್ ಇಟ್ಟು, ಅದನ್ನು ಸುತ್ತಿ ವಾಪಸ್ ಬರುವ ಶರ್ಯತ್ತೇ ರೂಢಿಯಾಯಿತು. ಸುರಕ್ಷಿತ, ಅಳತೆ ಪಕ್ಕಾ, ಸಮಯ ಸೆಕೆಂಡಿನ ಚೂರಿನವರೆಗೆ ಸಿಗುತ್ತದೆ. ಹೋಗುವಾಗ ಎದುರಾದ ಗಾಳಿ ಬರುವಾಗ ಬೆನ್ನಿಗೆ ಬಂದು ಲೆಕ್ಕ ಚುಕ್ತಾ ಆಗುತ್ತದೆ. ವಿಚಾರಣೆ ಮಾಡಲು ಅದರಲ್ಲಿ ಏನೂ ಇಲ್ಲ.

ನೋಡುವವರೂ ಇಲ್ಲ, ಇದು ನನಗೆ ಇನ್ನೂ ದೊಡ್ಡ ನಷ್ಟ. ಊರಿಂದೂರಿಗೆ ಶರ್ಯತ್ತು ಹೋದಾಗ ಪ್ರತಿ ಹಳ್ಳಿಯ ಅಗಸಿಯಲ್ಲಿ ಮಂದಿ ನೆರೆಯುತ್ತಿದ್ದರು. ಕೊಡ ಹೊತ್ತ ಹೆಣ್ಣುಮಕ್ಕಳು ಹುಡುಗರ ನೆತ್ತಿಗೆ ನೀರು ಸುರಿಯುತ್ತಿದ್ದರು. ಮುಂದಿನವನಿಗೂ ಹಿಂದಿನವನಿಗೂ ಎಷ್ಟು ಅಂತರ ಎಂದು ಶಾಲೆಯ ಮಕ್ಕಳು ಎಣಿಸಿ ಕೂಗಿ ಹೇಳುತ್ತಿದ್ದರು. ದಾರಿ ಯಾವ ಹಳ್ಳಿಯ ಮೇಲೆ ಹಾಯಬೇಕು ಎಂಬುದಕ್ಕೆ ಕಮಿಟಿಯಲ್ಲಿ ಜಗಳ ಬೀಳುತ್ತಿತ್ತು. ಆ ಜಗಳವೂ ದಾರಿ ಕಟ್ಟುವ ಕೆಲಸದ ಭಾಗವೇ. ಹೀಗೆ ನೋಡುತ್ತ ನಿಂತ ಮಕ್ಕಳೇ ಮರುವರ್ಷ ಬಾಡಿಗೆ ಸೈಕಲ್ ತಂದು ಮಡ್ಡಿಯ ಮೇಲೆ ತಾಲೀಮು ಮಾಡುತ್ತಿದ್ದರು. 2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ನಮ್ಮ ಕಡೆ ಹುಡುಗಿಯರೂ ಗುಂಪುಕಟ್ಟಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದ ದೃಶ್ಯ ನನ್ನ ಕಣ್ಣಲ್ಲಿದೆ. ಗಾಳಿ ಬಂದಾಗ ಗಟ್ಟಿಯಾದವಳು ಮುಂದೆ ಬಂದು ಉಳಿದವರಿಗೆ ಮರೆಯಾಗುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ. ಕೊರೊನಾ ಬಂದ ಮೇಲೆ ಆ ಸೈಕಲ್ಲುಗಳೂ ನಿಂತವು.

ವೆಲೋಡ್ರೋಮ್ ಬೇಡವೆಂದು ನಾನು ಹೇಳುತ್ತಿಲ್ಲ. ವಿಜಯಪುರದ ಪಟುಗಳು ಅದಕ್ಕಾಗಿ ವರ್ಷಗಟ್ಟಲೆ ಕಾದಿದ್ದಾರೆ, ಅದು ಅವರ ಹಕ್ಕು. ಆದರೆ ಟ್ರ್ಯಾಕಿನಲ್ಲಿ ಪಳಗಿದವರಿಗೂ ರಸ್ತೆಯ ಬುದ್ಧಿ ರಸ್ತೆಯಲ್ಲೇ ಬರಬೇಕು. ದೇವರ ಹಿಪ್ಪರಗಿಯಿಂದ ತಾಳಿಕೋಟೆಗೆ ಹೋಗುವ ದಾರಿಯನ್ನು ವರ್ಷಕ್ಕೊಂದು ಬೆಳಗ್ಗೆ ಮೂರು ತಾಸು ಖಾಲಿ ಮಾಡಿಕೊಟ್ಟರೆ ಸಾಕು. ಕಬ್ಬಿನ ಗಾಡಿಗಳನ್ನು ಹಿಂದಿನ ರಾತ್ರಿಯೇ ಸಾಗಿಸಬಹುದು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ವಿಜಯಪುರದಲ್ಲಿ ಏನೆಲ್ಲ ಬಂದೋಬಸ್ತು ಮಾಡುವ ಜಿಲ್ಲೆಗೆ ಇದು ಅಸಾಧ್ಯವಲ್ಲ.

ಕಾಕಾ ತೀರಿಕೊಂಡ ಮೇಲೆ ನಮ್ಮ ದಾರಿಯಲ್ಲಿ ಒಂದು ತಕರಾರು ಬಾಕಿ ಉಳಿದಿದೆ. ನಾಲ್ಕನೇ ದಿನದ ಗೆರೆ ವಿಜಯಪುರದಲ್ಲಿ, ಗೋಳಗುಮ್ಮಟದ ಮುಂದೆ ಇರಬೇಕೆಂಬುದು ಅವರ ಪಟ್ಟು. ಮಂದಿ ಅಲ್ಲಿ ಸೇರುತ್ತಾರೆ, ಗೆದ್ದವನಿಗೆ ಅಂಥ ಮುಕ್ತಾಯ ಒಪ್ಪುತ್ತದೆ ಎನ್ನುತ್ತಿದ್ದರು. ನಾನು ಬಸವನ ಬಾಗೇವಾಡಿ ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಬಾಗೇವಾಡಿ ದಾಟಿ ಮನಗೂಳಿ ಮುಟ್ಟಿದರೆ ಸಿಗುವುದು ನಾಲ್ಕು ಪಥದ ಹೆದ್ದಾರಿ. ನಿಡಗುಂದಿಯಿಂದ ಗಾಳಿ ಸೀಳಿಕೊಂಡು ಒಬ್ಬ ಗಳಿಸಿದ ಅಂತರವನ್ನು ಹಿಂದಿನ ಗುಂಪು ಅಲ್ಲಿ ಸಲೀಸಾಗಿ ನುಂಗಿಬಿಡುತ್ತದೆ. ಬಸವೇಶ್ವರ ಗುಡಿಯ ಹತ್ತಿರ ಗೆರೆ ಹಾಕಿದರೆ, ಅವನು ಒಬ್ಬನೇ ಬರುವ ಸಾಧ್ಯತೆ ಇದೆ.